ಹಳೆ ಗಾಡಿ ಕೊಂಡಿರಾ? ಹೆಸರು ಬದಲಾಗುವ ತನಕ ಅದು ಮನೆಗೆ ಬಂದ ಹಾಗಲ್ಲ



ನಮ್ಮ ಸ್ವ-ಸಹಾಯ ಸಂಘಗಳಲ್ಲಿ ಮೊದಲೆಲ್ಲ ಸಾಲ ಕೇಳುತ್ತಿದ್ದದ್ದು ಹಸುವಿಗೆ, ಹೊಲಿಗೆ ಯಂತ್ರಕ್ಕೆ, ಮಕ್ಕಳ ಫೀಸಿಗೆ. ಈಗ ಗಾಡಿಗೂ ಕೇಳುತ್ತಿದ್ದೇವೆ. ಇದು ಒಳ್ಳೆಯ ಬೆಳವಣಿಗೆಯೇ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ದುಡ್ಡು ಉಳಿಯಿತು, ನಿಜ. ಆದರೆ ಬೆಳಗಿನ ಜಾವ ಶಿವಮೊಗ್ಗದ ಮಾರುಕಟ್ಟೆಯಿಂದ ತರಕಾರಿ ತಂದು ಭದ್ರಾವತಿಯಲ್ಲಿ ಮಾರುವವರಿಗೆ, ರೊಟ್ಟಿ-ಚಟ್ನಿಪುಡಿ ಮಾಡಿ ಅಂಗಡಿಗಳಿಗೆ ಕೊಡುವವರಿಗೆ, ಬಸ್ಸಿನ ಟೈಮಿಗೆ ಕೆಲಸ ಹೊಂದುವುದಿಲ್ಲ. ಹೊಸ ಗಾಡಿ ಕೊಳ್ಳುವಷ್ಟು ದುಡ್ಡು ಕೈಯಲ್ಲಿಲ್ಲ. ಹಾಗಾಗಿ ಒಂದು ಹಳೆ ಸ್ಕೂಟರ್, ಇಲ್ಲವೇ ನಾಲ್ಕೈದು ಜನ ಸೇರಿ ಒಂದು ಹಳೆ ಟಾಟಾ ಏಸ್ ಅಂತ ಮನಸ್ಸು ಮಾಡುತ್ತೇವೆ.

ಗಾಡಿ ನೋಡುವಾಗ ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಎರಡೇ. ಒಂದು, ಎಷ್ಟು ಕೊಡ್ತದೆ? ಇನ್ನೊಂದು, ಎಷ್ಟಕ್ಕೆ ಬಿಡ್ತೀರಿ? ಮೂರನೆಯ ಪ್ರಶ್ನೆಯನ್ನು ಕೇಳುವುದೇ ಇಲ್ಲ: ಇದು ನನ್ನ ಹೆಸರಿಗೆ ಯಾವಾಗ ಆಗುತ್ತದೆ? ಈ ಪಾಠದಲ್ಲಿ ನಾವು ಮುಖ್ಯವಾಗಿ ತಿಳಿಯಬೇಕಾದದ್ದು ಇದನ್ನೇ. ದುಡ್ಡು ಕೊಟ್ಟು, ಕೀಲಿಕೈ ತಗೊಂಡು, ಗಾಡಿಯನ್ನು ಅಂಗಳಕ್ಕೆ ತಂದು ನಿಲ್ಲಿಸಿದ ಮಾತ್ರಕ್ಕೆ ಗಾಡಿ ಮನೆಗೆ ಬಂದ ಹಾಗಲ್ಲ. ಆರ್.ಸಿ. ಪುಸ್ತಕದಲ್ಲಿ ನಮ್ಮ ಹೆಸರು ಬಂದ ದಿನವೇ ಅದು ನಿಜವಾಗಿ ಮನೆಗೆ ಬಂದ ದಿನ.

ಹೆಸರು ಬದಲಾಗದಿದ್ದರೆ ಏನಾಗುತ್ತದೆ?

ದೇಶದ ಸುಪ್ರೀಂ ಕೋರ್ಟ್ 2018ರ ಫೆಬ್ರವರಿ 6ರಂದು ಒಂದು ತೀರ್ಪು ಕೊಟ್ಟಿದೆ. ಅದರ ಕಥೆ ಹೀಗಿದೆ. ಉತ್ತರ ಭಾರತದಲ್ಲಿ ಒಬ್ಬರು 2007ರಲ್ಲಿ ತಮ್ಮ ಕಾರನ್ನು ಮಾರಿದರು. ಕೊಂಡವರು ಇನ್ನೊಬ್ಬರಿಗೆ ಮಾರಿದರು, ಅವರು ಮತ್ತೊಬ್ಬರಿಗೆ. ಹೀಗೆ ಕಾರು ಕೈಯಿಂದ ಕೈಗೆ ಹೋಯಿತು, ಆದರೆ ಆರ್.ಸಿ.ಯಲ್ಲಿ ಹೆಸರು ಮಾತ್ರ ಮೊದಲಿನವರದೇ ಉಳಿಯಿತು. 2009ರಲ್ಲಿ ಆ ಕಾರು ಒಬ್ಬ ಮಹಿಳೆಗೂ ಒಬ್ಬ ಹುಡುಗನಿಗೂ ಡಿಕ್ಕಿ ಹೊಡೆಯಿತು. ಹುಡುಗ ತೀರಿಕೊಂಡ. ಕಾರಿಗೆ ವಿಮೆ ಇರಲಿಲ್ಲ. ಪರಿಹಾರ ಯಾರು ಕೊಡಬೇಕು? "ನಾನು ಮಾರಿ ಎರಡು ವರ್ಷ ಆಯ್ತು, ನನಗೇನು ಸಂಬಂಧ?" ಅಂತ ಮೊದಲಿನ ಮಾಲೀಕರ ವಾದ. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ದಾಖಲೆಯಲ್ಲಿ ಯಾರ ಹೆಸರಿದೆಯೋ ಕಾನೂನಿನ ಕಣ್ಣಿಗೆ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ಹೇಳಿತು.

ಇದರಲ್ಲಿ ಮಾರುವವರಿಗೂ ಪಾಠವಿದೆ, ಕೊಳ್ಳುವವರಿಗೂ ಪಾಠವಿದೆ. ಮನೆಯ ಹಳೆ ಬೈಕನ್ನು ಗುಜರಿ ಬೆಲೆಗೆ ಯಾರಿಗೋ ಕೊಟ್ಟು ಮರೆತುಬಿಟ್ಟಿದ್ದರೆ, ನಾಳೆ ಅದು ಎಲ್ಲೋ ಅಪಘಾತ ಮಾಡಿದಾಗ ನೋಟಿಸು ನಮ್ಮ ಮನೆಗೇ ಬರುತ್ತದೆ. ಕೊಂಡವರಾಗಿ ಹೆಸರು ಬದಲಿಸದೇ ಓಡಿಸಿದರೆ ನಷ್ಟ ಬೇರೆ ತರಹ. ಗಾಡಿ ಓಡಿಸುವ ಮಾಲೀಕರಿಗೆ ಅಪಘಾತವಾದರೆ 15 ಲಕ್ಷ ರೂಪಾಯಿವರೆಗೆ ವೈಯಕ್ತಿಕ ಅಪಘಾತ ವಿಮೆ ಸಿಗುವ ವ್ಯವಸ್ಥೆ ಇದೆ. ಆದರೆ ಅದಕ್ಕೆ ಆರ್.ಸಿ.ಯಲ್ಲೂ ವಿಮಾ ಪತ್ರದಲ್ಲೂ ಅವರ ಹೆಸರಿರಬೇಕು, ಚಾಲನಾ ಪರವಾನಗಿಯೂ ಇರಬೇಕು. ಗಾಡಿ ಇನ್ನೊಬ್ಬರ ಹೆಸರಲ್ಲಿದ್ದರೆ ನಮ್ಮ ಮಕ್ಕಳಿಗೆ ಆ ಹಣ ಸಿಗುವುದಿಲ್ಲ. ಗಾಡಿ ಠಾಣೆಯಲ್ಲಿ ನಿಂತರೂ ಸಂಘದ ಸಾಲದ ಕಂತು ನಿಲ್ಲುವುದಿಲ್ಲ. ಅಟ್ಟ ಮೇಲೆ ಒಲೆ ಉರಿದರೆ ಏನು ಪ್ರಯೋಜನ? ಆದ್ದರಿಂದ ಮೊದಲೇ ಎಚ್ಚರವಾಗಿರೋಣ.

ಮೊದಲ ಹೆಜ್ಜೆ: ದುಡ್ಡು ಕೊಡುವ ಮೊದಲು ಕಾಗದ ನೋಡಿ

ಗಾಡಿ ಎಷ್ಟೇ ಹೊಳೆಯುತ್ತಿರಲಿ, ಮೊದಲು ಕಾಗದ ಕೇಳಿ. ನಕಲು ಪ್ರತಿ ಸಾಲದು, ಅಸಲು ಆರ್.ಸಿ. ನೋಡಬೇಕು. ಮನೆಯಲ್ಲಿ ಓದಿದ ಮಕ್ಕಳಿದ್ದರೆ ಅವರ ಮೊಬೈಲಿನಲ್ಲಿ ಸರ್ಕಾರದ ಎಂ-ಪರಿವಾಹನ್ ಆ್ಯಪ್ ತೆಗೆದು ಗಾಡಿ ನಂಬರ್ ಹಾಕಿಸಿ. ಗಾಡಿ ಯಾವ ವರ್ಷದ್ದು, ವಿಮೆ ಯಾವಾಗಿನವರೆಗೆ ಇದೆ ಎಂಬುದು ಗೊತ್ತಾಗುತ್ತದೆ. ಈ ವಿಷಯಗಳನ್ನು ಒಂದೊಂದಾಗಿ ಗಮನಿಸಿ:

1. ಹೆಸರು: ಮಾರುವ ವ್ಯಕ್ತಿಯ ಹೆಸರೇ ಆರ್.ಸಿ.ಯಲ್ಲಿ ಇದೆಯೇ? "ನಮ್ಮ ಭಾವಂದು", "ಫ್ರೆಂಡಿಂದು" ಅಂದರೆ ಆ ಭಾವನನ್ನೇ, ಆ ಫ್ರೆಂಡನ್ನೇ ಕರೆಸಿ. ಸಹಿ ಹಾಕಬೇಕಾದವರು ಅವರೇ.

2. ಚಾಸಿಸ್ ನಂಬರ್ ಮತ್ತು ಎಂಜಿನ್ ನಂಬರ್: ಆರ್.ಸಿ.ಯಲ್ಲಿರುವ ನಂಬರೂ ಗಾಡಿಯ ಮೇಲೆ ಕೊರೆದಿರುವ ನಂಬರೂ ಒಂದೇ ಇರಬೇಕು. ಒಂದು ಅಕ್ಷರ ತಪ್ಪಿದರೂ, ಉಜ್ಜಿ ತಿದ್ದಿದ ಹಾಗೆ ಕಂಡರೂ ಆ ಗಾಡಿ ಬೇಡ.

3. ಸಾಲ: ಆರ್.ಸಿ.ಯಲ್ಲಿ ಬ್ಯಾಂಕಿನ ಅಥವಾ ಫೈನಾನ್ಸಿನ ಹೆಸರು ಇದೆಯೇ? ಇದ್ದರೆ ಆ ಗಾಡಿ ಇನ್ನೂ ಅವರ ಹಿಡಿತದಲ್ಲಿದೆ ಅಂತ ಅರ್ಥ. "ಸಾಲ ತೀರಿಸಿದೀವಿ" ಅಂತ ಬಾಯಲ್ಲಿ ಹೇಳಿದರೆ ಸಾಲದು. ಬ್ಯಾಂಕಿನ ತೀರುವಳಿ ಪತ್ರ ಮತ್ತು ಬ್ಯಾಂಕಿನವರ ಸಹಿ-ಮೊಹರು ಇರುವ ಫಾರಂ 35 ಬೇಕು.

4. ವಯಸ್ಸು: ಸ್ವಂತ ಬಳಕೆಯ ಗಾಡಿಗೆ ನೋಂದಣಿ 15 ವರ್ಷ. ಆಮೇಲೆ ಆರ್.ಟಿ.ಒ. ಪರೀಕ್ಷೆ ಮಾಡಿ ಐದೈದು ವರ್ಷಕ್ಕೆ ನವೀಕರಣ ಮಾಡುತ್ತಾರೆ, ಹಸಿರು ತೆರಿಗೆಯೂ ಇರುತ್ತದೆ. ಹದಿನಾಲ್ಕು ವರ್ಷದ ಸ್ಕೂಟರ್ ಅಗ್ಗಕ್ಕೆ ಸಿಕ್ಕಿತು ಅಂತ ಹಿಗ್ಗುವ ಮೊದಲು ಈ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

5. ದಂಡ: ಕ್ಯಾಮೆರಾ ಹಿಡಿದ ಹಳೆಯ ಕೇಸುಗಳ ದಂಡ ಗಾಡಿ ನಂಬರಿನ ಮೇಲೆ ಉಳಿದಿರಬಹುದು. ಮಾರುವವರೇ ಕಟ್ಟಿ ರಸೀದಿ ಕೊಡಲಿ.

6. ನಂಬರ್ ಪ್ಲೇಟ್: 2019ರ ಏಪ್ರಿಲ್ 1ಕ್ಕಿಂತ ಮೊದಲಿನ ಗಾಡಿಗಳಿಗೂ ಅತಿ ಸುರಕ್ಷಿತ ನಂಬರ್ ಪ್ಲೇಟ್ ಹಾಕಿಸಬೇಕೆಂದು ನಮ್ಮ ರಾಜ್ಯ ಸರ್ಕಾರ 2023ರ ಆಗಸ್ಟ್‌ನಲ್ಲಿ ಆದೇಶ ಮಾಡಿದೆ. ಹಾಕಿಸಿದ್ದಾರೆಯೇ ನೋಡಿ.

ಕೆಎ 14 ಅಂದರೆ ಶಿವಮೊಗ್ಗ ಆರ್.ಟಿ.ಒ., ಕೆಎ 15 ಅಂದರೆ ಸಾಗರ. ರಾಜ್ಯದೊಳಗಿನ ಯಾವ ನಂಬರ್ ಆದರೂ ಹೆಸರು ಬದಲಾದ ಮೇಲೂ ಅದೇ ನಂಬರ್ ಮುಂದುವರಿಯುತ್ತದೆ. ಬೇರೆ ರಾಜ್ಯದ ಗಾಡಿ ಹಾಗಲ್ಲ. ಅಲ್ಲಿನ ಆರ್.ಟಿ.ಒ. ಕೊಟ್ಟ ನಿರಾಕ್ಷೇಪಣಾ ಪತ್ರ (ಎನ್.ಒ.ಸಿ.) ಬೇಕು, 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಕರ್ನಾಟಕದ ನಂಬರ್ ಪಡೆಯಬೇಕು, ಇಲ್ಲಿನ ತೆರಿಗೆಯನ್ನೂ ಕಟ್ಟಬೇಕು. ಅಗ್ಗದ ಗಾಡಿ ಆಗ ದುಬಾರಿಯಾಗುತ್ತದೆ.

ಅಂಗಡಿಯಿಂದ ಕೊಳ್ಳುವುದಾದರೆ ಇನ್ನೊಂದು ಮಾತು. 2023ರ ಏಪ್ರಿಲ್ 1ರಿಂದ ಹಳೆ ಗಾಡಿ ವ್ಯಾಪಾರ ಮಾಡುವವರು ಆರ್.ಟಿ.ಒ.ದಿಂದ ಅಧಿಕೃತ ಪ್ರಮಾಣಪತ್ರ ಪಡೆದಿರಬೇಕು ಎಂಬ ನಿಯಮ ಬಂದಿದೆ. "ನಿಮ್ಮ ಸರ್ಟಿಫಿಕೇಟ್ ತೋರಿಸಿ" ಅಂತ ಕೇಳಲು ಸಂಕೋಚ ಬೇಡ.

ಎರಡನೆಯ ಹೆಜ್ಜೆ: ಗಾಡಿ ನೋಡುವುದು

ಗೊತ್ತಿರುವ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿ. ಅವರಿಗೆ ಕೊಡುವ ನೂರಿನ್ನೂರು ರೂಪಾಯಿ ದಂಡವಲ್ಲ. ಹಗಲು ಬೆಳಕಿನಲ್ಲೇ ನೋಡಿ. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ, ಮೊದಲೇ ಬಿಸಿ ಮಾಡಿ ಇಟ್ಟ ಗಾಡಿ ತನ್ನ ರೋಗವನ್ನು ಮುಚ್ಚಿಡುತ್ತದೆ. ಬ್ರೇಕ್ ಎರಡೂ ಹಿಡಿಯುತ್ತವೆಯೇ, ಹ್ಯಾಂಡಲ್ ಒಂದು ಕಡೆಗೆ ಎಳೆಯುತ್ತದೆಯೇ, ಹೆಡ್‌ಲೈಟ್, ಹಿಂದಿನ ಕೆಂಪು ದೀಪ, ಇಂಡಿಕೇಟರ್, ಹಾರನ್ ಎಲ್ಲಾ ಕೆಲಸ ಮಾಡುತ್ತವೆಯೇ ನೋಡಿ.

ಟಯರಿನ ವಯಸ್ಸನ್ನು ನಾವೇ ಓದಬಹುದು. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಗುರುತು ಇರುತ್ತದೆ. 2319 ಅಂತ ಇದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಹಲ್ಲು ಚೆನ್ನಾಗಿ ಕಂಡರೂ ತೀರಾ ಹಳೆಯ ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಅಂಥ ಟಯರು ಜಾರುವುದೇ ಹೆಚ್ಚು. ಟಯರು ಬದಲಿಸಬೇಕಾದರೆ ಆ ಹಣವನ್ನು ಬೆಲೆಯಲ್ಲಿ ಇಳಿಸಿ ಕೇಳಿ.

ಮೂರನೆಯ ಹೆಜ್ಜೆ: ವ್ಯವಹಾರ ಮುಗಿಸುವ ದಿನ

ದುಡ್ಡನ್ನು ಆದಷ್ಟೂ ಬ್ಯಾಂಕ್ ಮೂಲಕವೇ ಕೊಡಿ. ನಗದು ಕೊಟ್ಟರೆ ರಸೀದಿ ಬರೆಸಿಕೊಳ್ಳಿ. ಆ ದಿನ ನಿಮ್ಮ ಕೈಗೆ ಬರಬೇಕಾದದ್ದು ಇವು:

ಅಸಲು ಆರ್.ಸಿ.; ಚಾಲ್ತಿಯಲ್ಲಿರುವ ವಿಮಾ ಪತ್ರ; ಹೊಗೆ ತಪಾಸಣೆ ಪತ್ರ; ಮಾರುವವರ ಸಹಿ ಇರುವ ಫಾರಂ 29 ಎರಡು ಪ್ರತಿ; ಇಬ್ಬರ ಸಹಿಯೂ ಇರುವ ಫಾರಂ 30; ಮಾರುವವರ ಗುರುತಿನ ಚೀಟಿಯ ನಕಲು; ಸಾಲ ಇದ್ದಿದ್ದರೆ ಫಾರಂ 35; ಇರುವಷ್ಟೂ ಕೀಲಿಕೈಗಳು.

ಇವುಗಳ ಜೊತೆಗೆ ಒಂದು ಒಪ್ಪಿಸಿದ ಪತ್ರ ಬರೆಸಿ. ಬಿಳಿ ಹಾಳೆಯಲ್ಲಾದರೂ ಆಗಬಹುದು. ಗಾಡಿ ನಂಬರ್, ಚಾಸಿಸ್ ನಂಬರ್, ಬೆಲೆ, ಇಬ್ಬರ ಹೆಸರು-ವಿಳಾಸ, ಇಬ್ಬರು ಸಾಕ್ಷಿಗಳ ಸಹಿ ಇರಲಿ. ತಾರೀಖಿನ ಜೊತೆಗೆ ಗಂಟೆಯನ್ನೂ ಬರೆಯಿರಿ. ಯಾಕೆಂದರೆ ಬೆಳಿಗ್ಗೆ ಹತ್ತಕ್ಕೆ ಆ ಗಾಡಿ ಏನು ಮಾಡಿತೋ ಅದು ಅವರದು, ಹನ್ನೊಂದಕ್ಕೆ ನಮ್ಮ ಕೈಗೆ ಬಂದ ಮೇಲೆ ಏನಾದರೂ ಆದರೆ ಅದು ನಮ್ಮದು. ಈ ಗೆರೆ ಕಾಗದದ ಮೇಲೆ ಇರಬೇಕು.

ಖಾಲಿ ಫಾರಂ ಮೇಲೆ ಸಹಿ ಮಾಡಿಸಿ "ಇಟ್ಕೊಳ್ಳಿ, ಯಾವಾಗ ಬೇಕಾದ್ರೂ ಮಾಡಿಸ್ಕೊಳ್ಳಿ" ಅನ್ನುವವರು ಬಹಳ. ಇದನ್ನು ಒಪ್ಪಬೇಡಿ. ಮಾರಿದವರು ಊರು ಬಿಟ್ಟು ಹೋದರೆ, ತೀರಿಕೊಂಡರೆ, ಮೊಬೈಲ್ ನಂಬರ್ ಬದಲಿಸಿದರೆ ನಾವು ಸಿಕ್ಕಿಹಾಕಿಕೊಳ್ಳುತ್ತೇವೆ. ಆರ್.ಸಿ.ಯಲ್ಲಿ ಹೆಸರಿರುವವರು ಈಗಾಗಲೇ ತೀರಿಕೊಂಡಿದ್ದರೆ, ವಾರಸುದಾರರು ಫಾರಂ 31ರ ಮೂಲಕ ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಂಡು ಆಮೇಲೆ ಮಾರಬೇಕು. ಗಂಡನ ಹೆಸರಿನ ಬೈಕು ಮನೆಯಲ್ಲೇ ನಿಂತಿರುವ ನಮ್ಮ ವಿಧವಾ ಸಹೋದರಿಯರು ಇದನ್ನು ನೆನಪಿಡಬೇಕು.

ನಾಲ್ಕನೆಯ ಹೆಜ್ಜೆ: ಗಾಡಿಯನ್ನು ಮನೆಗೆ ತರುವುದು

ಶಿವಮೊಗ್ಗದಲ್ಲಿ ಗಾಡಿ ಕೊಂಡು ಭದ್ರಾವತಿಗೆ ತರಬೇಕು ಎಂದಿಟ್ಟುಕೊಳ್ಳೋಣ. ತುಂಗಾ ಸೇತುವೆ ದಾಟಿ, ವಿದ್ಯಾನಗರ, ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿ ಮೇಲೆ ಸುಮಾರು 20 ಕಿಲೋಮೀಟರ್. "ಇಷ್ಟೇ ದೂರ ಅಲ್ವಾ, ಏನಾಗ್ತದೆ" ಅನಿಸುತ್ತದೆ. ಆದರೆ ಅದು ಹೆದ್ದಾರಿ. ಲಾರಿ, ಬಸ್ಸುಗಳ ನಡುವೆ ಪರಿಚಯವಿಲ್ಲದ ಗಾಡಿಯನ್ನು ಮೊದಲ ಸಲ ಓಡಿಸುವ ದಾರಿ. ಅದರ ಬ್ರೇಕು ಎಷ್ಟು ಒತ್ತಿದರೆ ಹಿಡಿಯುತ್ತದೆ ಎಂಬುದೇ ನಮಗಿನ್ನೂ ಗೊತ್ತಿರುವುದಿಲ್ಲ.

ಹೊರಡುವ ಮೊದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳೋಣ.

ವಿಮೆ ಚಾಲ್ತಿಯಲ್ಲಿದೆಯೇ? ಇನ್ನೊಬ್ಬರಿಗೆ ಆಗುವ ಹಾನಿಗೆ ವಿಮೆ ಇಲ್ಲದೆ ಯಾವ ಗಾಡಿಯೂ ರಸ್ತೆಗೆ ಇಳಿಯಬಾರದು. ಇಳಿದರೆ ಕಾನೂನಿನಲ್ಲಿ ಮೊದಲ ಸಲಕ್ಕೆ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ದಂಡ ಹೋಗಲಿ, ಯಾರಿಗಾದರೂ ಪೆಟ್ಟಾದರೆ ಲಕ್ಷಗಟ್ಟಲೆ ಪರಿಹಾರ ನಮ್ಮ ಮನೆ-ಮಠದ ಮೇಲೆ ಬರುತ್ತದೆ. 2018ರ ಸೆಪ್ಟೆಂಬರ್ ನಂತರ ಹೊಸದಾಗಿ ಮಾರಾಟವಾದ ದ್ವಿಚಕ್ರ ವಾಹನಗಳಿಗೆ ಐದು ವರ್ಷದ ಇಂಥ ವಿಮೆ ಒಟ್ಟಿಗೇ ಇರುತ್ತದೆ. ಅವಧಿ ಮುಗಿದಿದೆಯೇ ಅಂತ ತಾರೀಖು ನೋಡಿ.

ಓಡಿಸುವವರಿಗೆ ಡಿ.ಎಲ್. ಇದೆಯೇ? ಅದೂ ಆ ಬಗೆಯ ಗಾಡಿಯದ್ದು. ಗೇರ್ ಇಲ್ಲದ ಸ್ಕೂಟರಿನ ಲೈಸೆನ್ಸ್ ಇಟ್ಟುಕೊಂಡು ಗೇರ್ ಬೈಕ್ ಓಡಿಸುವ ಹಾಗಿಲ್ಲ. ಎಲ್.ಎಲ್. ಮಾತ್ರ ಇರುವವರು ಮೊದಲ ದಿನವೇ ಹೆದ್ದಾರಿಗೆ ಇಳಿಯುವುದು ಬೇಡ, ಲೈಸೆನ್ಸ್ ಇರುವ ಅನುಭವಸ್ಥರು ತರಲಿ. "ನಮ್ಮ ಹುಡುಗ ಚೆನ್ನಾಗಿ ಓಡಿಸ್ತಾನೆ" ಅಂತ ಹೈಸ್ಕೂಲ್ ಮಗನ ಕೈಗೆ ಕೀಲಿಕೈ ಕೊಡಬೇಡಿ. 2019ರ ತಿದ್ದುಪಡಿಯ ನಂತರ ಅಪ್ರಾಪ್ತರು ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿಯೂ 12 ತಿಂಗಳು ರದ್ದು.

ಹೆಲ್ಮೆಟ್ ಎರಡು ಇವೆಯೇ? ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂದೆ ಕೂತವರಿಗೂ ಕಡ್ಡಾಯ. ಐ.ಎಸ್.ಐ. ಗುರುತಿನದೇ ಇರಲಿ, ಪಟ್ಟಿ ಬಿಗಿದಿರಲಿ. ಸೆರಗು, ದುಪಟ್ಟಾ ಚಕ್ರಕ್ಕೆ ಸಿಗದಂತೆ ಸಿಕ್ಕಿಸಿಕೊಳ್ಳಿ.

ಗಾಡಿ ಸಿದ್ಧವಾಗಿದೆಯೇ? ಹತ್ತಿರದ ಬಂಕಿನಲ್ಲಿ ಗಾಳಿ ಹಿಡಿಸಿ, ಪೆಟ್ರೋಲ್ ಹಾಕಿಸಿ, ಊರೊಳಗೆ ಒಂದು ಸುತ್ತು ನಿಧಾನವಾಗಿ ಓಡಿಸಿ ಬ್ರೇಕು ಪರೀಕ್ಷಿಸಿ. ಆಮೇಲೆ ಹೆದ್ದಾರಿ. ಕತ್ತಲಾಗುವ ಮೊದಲೇ ಮನೆ ಸೇರುವಂತೆ ಹೊರಡಿ. ಜೊತೆಗೆ ಇನ್ನೊಂದು ಗಾಡಿಯಲ್ಲಿ ಯಾರಾದರೂ ಹಿಂದೆ ಬರಲಿ. ಮೊದಲ ದಿನವೇ ಮೂಟೆ ಹೇರಬೇಡಿ.

ಆರ್.ಸಿ., ವಿಮೆ, ಹೊಗೆ ಪತ್ರ, ಡಿ.ಎಲ್., ಒಪ್ಪಿಸಿದ ಪತ್ರ ಇವೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಜೊತೆಗಿರಲಿ. ಪೊಲೀಸರು ನಿಲ್ಲಿಸಿದರೆ ಗಾಬರಿ ಬೇಡ. ಗಾಡಿ ಬದಿಗೆ ಹಾಕಿ, ಇವತ್ತೇ ಕೊಂಡದ್ದು ಅಂತ ಹೇಳಿ ಕಾಗದ ತೋರಿಸಿ. ದಾರಿಯಲ್ಲಿ ಏನಾದರೂ ಅವಘಡವಾದರೆ ಓಡಿಹೋಗಬಾರದು. ಗಾಯಾಳುವಿಗೆ 108, ಪೊಲೀಸರಿಗೆ 112.

ವಿಮೆ ಮುಗಿದಿದೆ, ಇಲ್ಲವೇ ಬ್ರೇಕ್ ಸರಿಯಿಲ್ಲ ಅಂದರೆ ಓಡಿಸಿ ತರಲೇಬೇಡಿ. ಹೊಸ ವಿಮೆ ಮಾಡಿಸಿ, ರಿಪೇರಿ ಮಾಡಿಸಿ ತನ್ನಿ, ಅಥವಾ ಗೂಡ್ಸ್ ಗಾಡಿಯಲ್ಲಿ ಕಟ್ಟಿ ಹಾಕಿಸಿಕೊಂಡು ಬನ್ನಿ. ಬೆಂಗಳೂರಿನಲ್ಲಿ ಕೊಂಡರೆ ತುಮಕೂರು, ಅರಸೀಕೆರೆ, ಕಡೂರು ಮೇಲೆ 250 ಕಿಲೋಮೀಟರಿಗೂ ಹೆಚ್ಚು ದೂರ ಹಳೆ ಸ್ಕೂಟರ್ ಓಡಿಸಿ ತರುವ ಸಾಹಸ ಬೇಡ. ರೈಲಿನಲ್ಲಿ ಪಾರ್ಸೆಲ್ ಮಾಡಬಹುದು. ಟ್ಯಾಂಕಿನ ಪೆಟ್ರೋಲ್ ಪೂರ್ತಿ ತೆಗೆದಿರಬೇಕು, ಆರ್.ಸಿ. ನಕಲು ಕೊಡಬೇಕು, ಗೋಣಿತಾಟು ಸುತ್ತಿ ಪ್ಯಾಕ್ ಮಾಡಿಸಬೇಕು. ನಿಲ್ದಾಣದ ಪಾರ್ಸೆಲ್ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಐದನೆಯ ಹೆಜ್ಜೆ: ಹೆಸರು ಬದಲಾವಣೆ

ಗಾಡಿ ಅಂಗಳಕ್ಕೆ ಬಂತು. ಆಯುಧ ಪೂಜೆಗೆ ಕಾಯಿ ಒಡೆಯುವವರು ಒಡೆಯಲಿ, ಗುರುಗಳಿಂದ ಆಶೀರ್ವಾದ ಮಾಡಿಸುವವರು ಮಾಡಿಸಲಿ. ಆದರೆ ಕ್ಯಾಲೆಂಡರಿನಲ್ಲಿ ಎರಡು ದಿನಾಂಕಕ್ಕೆ ಗುರುತು ಹಾಕೋಣ.

ಹದಿನಾಲ್ಕನೇ ದಿನ: ಇಷ್ಟರೊಳಗೆ ಮಾರಿದವರು ಆರ್.ಟಿ.ಒ.ಗೆ ಫಾರಂ 29ರಲ್ಲಿ ತಿಳಿಸಬೇಕು. ನಾವು ವಿಮಾ ಕಂಪನಿಗೆ ಅರ್ಜಿ ಕೊಟ್ಟು ವಿಮೆಯನ್ನು ನಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಇನ್ನೊಬ್ಬರಿಗೆ ಆಗುವ ಹಾನಿಯ ವಿಮೆ ಗಾಡಿಯ ಜೊತೆಗೇ ನಮಗೆ ಬರುತ್ತದೆ. ಆದರೆ ನಮ್ಮ ಗಾಡಿಗೇ ಪೆಟ್ಟಾದರೆ, ಕಳುವಾದರೆ ಸಿಗುವ ಹಣ ಹೆಸರು ಬದಲಿಸದೆ ಸಿಗುವುದಿಲ್ಲ. ಕ್ಲೇಮು ಮಾಡದವರಿಗೆ ಸಿಗುವ ರಿಯಾಯಿತಿ ಹಳೆಯ ಮಾಲೀಕರದು, ಅದು ನಮಗೆ ಬರುವುದಿಲ್ಲ. ಸ್ವಲ್ಪ ಹೆಚ್ಚು ಹಣ ಕಟ್ಟಬೇಕಾದರೆ ಆಶ್ಚರ್ಯ ಬೇಡ.

ಮೂವತ್ತನೇ ದಿನ: ಇಷ್ಟರೊಳಗೆ ಕೊಂಡವರಾದ ನಾವು ಫಾರಂ 30ರಲ್ಲಿ ಹೆಸರು ಬದಲಾವಣೆಗೆ ಅರ್ಜಿ ಕೊಡಬೇಕು. ಪರಿವಾಹನ್ ಜಾಲತಾಣದಲ್ಲಿ ಅರ್ಜಿ ಹಾಕಿ ಶುಲ್ಕ ಕಟ್ಟಬಹುದು. ಮೊಬೈಲಿಗೆ ಬರುವ ಒ.ಟಿ.ಪಿ. ಬೇಕಾಗುವುದರಿಂದ ಮಾರಿದವರ ಸಹಕಾರ ಇರುವಾಗಲೇ, ಆದಷ್ಟೂ ಮೊದಲ ವಾರದಲ್ಲೇ, ಮುಗಿಸಿ. ಏಜೆಂಟರ ಮೂಲಕ ಮಾಡಿಸಿದರೂ ಸರ್ಕಾರಿ ಶುಲ್ಕದ ರಸೀದಿಯನ್ನು ನೀವೇ ಇಟ್ಟುಕೊಳ್ಳಿ. ಹೊಸ ಆರ್.ಸಿ. ಬಂದಾಗ ಹೆಸರು, ವಿಳಾಸ ಸರಿಯಿದೆಯೇ ನೋಡಿ. 2021ರಿಂದ ಆರ್.ಸಿ.ಯಲ್ಲಿ ನಾಮಿನಿ ಹೆಸರು ಬರೆಸುವ ಅವಕಾಶವೂ ಇದೆ. ಬರೆಸಿ.

ಸಂಘ ಸೇರಿ ಸರಕಿನ ಗಾಡಿ ಕೊಂಡರೆ

ಟಾಟಾ ಏಸ್‌ನಂಥ ಚಿಕ್ಕ ಗಾಡಿಗೆ ಪ್ರತ್ಯೇಕ ಪರ್ಮಿಟ್ ಬೇಕಿಲ್ಲ, ಒಟ್ಟು ತೂಕ 3,000 ಕಿಲೋ ಮೀರದ ಸರಕು ಗಾಡಿಗಳಿಗೆ ಕಾನೂನು ವಿನಾಯಿತಿ ಕೊಟ್ಟಿದೆ. ಆದರೆ ಎಫ್.ಸಿ. ಕಡ್ಡಾಯ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಎಫ್.ಸಿ. ಮುಗಿದ ಗಾಡಿಯನ್ನು ಕೊಳ್ಳುವ ಮೊದಲು ಮಾರುವವರೇ ಮಾಡಿಸಿಕೊಡಲಿ. ಓಡಿಸುವವರಿಗೆ ಸಾಮಾನ್ಯ ಲಘು ವಾಹನದ ಲೈಸೆನ್ಸ್ ಸಾಕು ಎಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಹೇಳಿದೆ. ಸರಕಿನ ಗಾಡಿಯ ಹಿಂದೆ ಜನರನ್ನು ತುಂಬಬೇಡಿ, ಸಂಘದ ಮೀಟಿಂಗಿಗೆ ಹೋಗುವಾಗಲೂ ಬೇಡ.

ಆರ್.ಸಿ. ಯಾರ ಹೆಸರಿಗೆ, ಓಡಿಸುವವರು ಯಾರು, ವಿಮೆ-ಎಫ್.ಸಿ. ದುಡ್ಡು ಯಾರು ಕಟ್ಟಬೇಕು, ಲಾಭ ಹೇಗೆ ಹಂಚಬೇಕು ಎಂಬುದನ್ನು ಕೊಳ್ಳುವ ಮೊದಲೇ ಸಭೆಯಲ್ಲಿ ತೀರ್ಮಾನಿಸಿ ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ.

ಕೊನೆಯದಾಗಿ ಒಂದು ಮಾತು. ಸಂಘದಲ್ಲಿ ಸಾಲ ನಮ್ಮ ಹೆಸರಲ್ಲಿ, ಕಂತು ಕಟ್ಟುವುದು ನಮ್ಮ ದುಡಿಮೆಯಿಂದ. ಆದರೆ ಗಾಡಿ ಮಾತ್ರ ಗಂಡನ ಹೆಸರಲ್ಲೋ, ಮೈದುನನ ಹೆಸರಲ್ಲೋ, ಇಲ್ಲವೇ ಇನ್ನೂ ಹಳೆಯ ಮಾಲೀಕರ ಹೆಸರಲ್ಲೋ ಇರುತ್ತದೆ. ಸಾಲಕ್ಕೆ ನಮ್ಮ ಹೆಸರು ಆಗುತ್ತದೆ ಎಂದಾದರೆ ಆಸ್ತಿಗೂ ನಮ್ಮ ಹೆಸರು ಆಗಬೇಕು. ಮನೆಯಲ್ಲಿ ಜಗಳವಾಡಬೇಕಿಲ್ಲ, ಕೂತು ಮಾತಾಡಿದರೆ ಸಾಕು.

ಸಂಘದ ಸಭೆಯಲ್ಲಿ ಚರ್ಚಿಸಲು:

1. ನಮ್ಮ ಸಂಘದ ಸಾಲದಿಂದ ಕೊಂಡ ಗಾಡಿಗಳು ಎಷ್ಟು? ಅವುಗಳಲ್ಲಿ ಸದಸ್ಯೆಯರ ಹೆಸರಿನಲ್ಲಿರುವುದು ಎಷ್ಟು?

2. ನಮ್ಮ ಮನೆಗಳಿಂದ ಮಾರಿದ ಹಳೆ ಗಾಡಿಗಳ ಹೆಸರು ಬದಲಾಗಿದೆಯೇ? ಮುಂದಿನ ಸಭೆಯೊಳಗೆ ವಿಚಾರಿಸಿ ಬರೋಣ.

3. ಗಾಡಿ ಸಾಲ ಕೊಡುವಾಗ ವಿಮೆ, ಹೆಸರು ಬದಲಾವಣೆ, ಹೆಲ್ಮೆಟ್ ಖರ್ಚನ್ನೂ ಸೇರಿಸಿ ಕೊಡಬಹುದೇ? ಹೊಸ ಆರ್.ಸಿ. ನಕಲನ್ನು 30 ದಿನದೊಳಗೆ ಸಂಘಕ್ಕೆ ತೋರಿಸಬೇಕೆಂದು ನಿಯಮ ಮಾಡೋಣವೇ?

ಓದಲು ಬಾರದ ಸದಸ್ಯೆಯರಿಗೆ ಈ ಪಾಠವನ್ನು ಯಾರಾದರೂ ಒಬ್ಬರು ಗಟ್ಟಿಯಾಗಿ ಓದಿ ಹೇಳಿ. ಗಾಡಿ ಕೊಳ್ಳಲು ಹೊರಟ ಸಹೋದರಿಯ ಜೊತೆಗೆ ಸಂಘದಿಂದ ಇನ್ನೊಬ್ಬರು ಹೋಗಿಬನ್ನಿ.